ಹೊಸಬರ ಕೈಗೆ ಬೀಗದ ಕೈ



ಕಳೆದ ಬೇಸಿಗೆ ರಜೆಯಲ್ಲಿ ಒಂದು ಮದುವೆ ಮನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಎಂಟನೇ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ನಾನು ಬೋರ್ಡಿನ ಮೇಲೆ ಮಾಡಿದ ತಪ್ಪನ್ನೂ ಮೆಲ್ಲನೆ ಎತ್ತಿ ಹೇಳುತ್ತಿದ್ದವಳು. ಈಗ ಸೊಂಟದಲ್ಲಿ ಎರಡು ವರ್ಷದ ಮಗು. ಬಿ.ಸಿ.ಎ. ಮುಗಿಸಿದ್ದಾಳೆ. ಒಳ್ಳೆಯ ಅಂಕಗಳೂ ಬಂದಿವೆ. ಗಂಡ ದಮ್ಮಾಮ್‌ನಲ್ಲಿದ್ದಾನೆ. ಇವಳು ಅತ್ತೆ-ಮಾವನ ಜೊತೆ ಊರಿನಲ್ಲಿದ್ದಾಳೆ.

"ಏನಮ್ಮಾ, ಕಲಿತದ್ದು ಉಪಯೋಗಕ್ಕೆ ಬಂತೇ?" ಎಂದು ಕೇಳಿದೆ.

"ಎಲ್ಲಿಂದ ಟೀಚರ್! ಎಷ್ಟೋ ಕಡೆ ಅರ್ಜಿ ಹಾಕಿದೆ. ಎಲ್ಲರೂ ಅನುಭವ ಎಷ್ಟು ವರ್ಷ ಎಂದು ಕೇಳುತ್ತಾರೆ. ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು? ಮನೆಯಿಂದಲೇ ಮಾಡುವ ಕೆಲಸವಾದರೆ ಮಾಡು ಎಂದು ಮಾವ ಹೇಳಿದ್ದಾರೆ. ಆದರೆ ಮುಖವನ್ನೇ ನೋಡದವಳ ಕೈಗೆ ಯಾರು ಟೀಚರ್ ತಮ್ಮ ಕಂಪ್ಯೂಟರಿನ ಜವಾಬ್ದಾರಿ ಕೊಡುತ್ತಾರೆ?"

ಅವಳ ಮಾತಿಗೆ ಆ ಗದ್ದಲದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ನಾನು ಬಿ.ಎ. ಓದಿದವಳು, ಕಂಪ್ಯೂಟರ್ ಪಾಠ ಮಾಡುವವಳಲ್ಲ. ಆದರೆ ಆ ಪ್ರಶ್ನೆ ಮನೆಗೂ ನನ್ನ ಜೊತೆ ಬಂತು. ನನ್ನ ಅಕ್ಕನ ಮಗ ಇದೇ ಕ್ಷೇತ್ರದಲ್ಲಿದ್ದಾನೆ. ಅವನನ್ನು ಕೂರಿಸಿಕೊಂಡು ಕೇಳಿದೆ. ಅವನು ಕೊಟ್ಟದ್ದನ್ನು ಓದಿದೆ. ಆಗ ತಿಳಿಯಿತು: ಮುಖ ನೋಡದವರ ಕೈಗೂ ಬೀಗದ ಕೈ ಕೊಡುವವರು ಈ ಜಗತ್ತಿನಲ್ಲಿದ್ದಾರೆ. ಆದರೆ ಅದನ್ನು ಕೊಡುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನು ತಿಳಿದುಕೊಂಡರೆ ಕಂಪ್ಯೂಟರ್ ಕಲಿತ ನಮ್ಮ ಹೆಣ್ಣುಮಕ್ಕಳಿಗೂ ಪ್ರಯೋಜನವಿದೆ, ಕಂಪ್ಯೂಟರನ್ನು ಮುಟ್ಟಿಯೂ ನೋಡದ ನನ್ನಂಥವರಿಗೂ ಪಾಠವಿದೆ.

ಬಚ್ಚಿಡದ ಅಡುಗೆ

ಮೊದಲು ಈ ಮುಕ್ತ ತಂತ್ರಾಂಶ ಎಂದರೇನು ಎಂಬುದನ್ನು ನೋಡೋಣ. ಅಂಗಡಿಯ ಬಿರಿಯಾನಿ ಮಸಾಲೆಯ ಪೊಟ್ಟಣವನ್ನು ನೀವು ಹಣ ಕೊಟ್ಟು ತರುತ್ತೀರಿ. ಅದರೊಳಗೆ ಯಾವುದನ್ನು ಎಷ್ಟು ಬೆರೆಸಿದ್ದಾರೆ ಎಂಬುದು ಕಂಪೆನಿಯ ಗುಟ್ಟು. ಆದರೆ ನಿಮ್ಮ ದೊಡ್ಡಮ್ಮ ಹಾಗಲ್ಲ. ಇಷ್ಟು ಕೊತ್ತಂಬರಿ, ಇಷ್ಟು ಚಕ್ಕೆ, ಇಷ್ಟು ಲವಂಗ ಎಂದು ಬಿಡಿಸಿ ಹೇಳುತ್ತಾರೆ. ನೀವು ಅದನ್ನು ಬಳಸಬಹುದು, ನಿಮ್ಮ ರುಚಿಗೆ ತಕ್ಕಂತೆ ಬದಲಿಸಬಹುದು, ನಾದಿನಿಗೂ ಹೇಳಿಕೊಡಬಹುದು. ಕಂಪ್ಯೂಟರಿನ ತಂತ್ರಾಂಶಗಳಲ್ಲಿಯೂ ಈ ಎರಡು ಬಗೆಗಳಿವೆ. ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಹೆಸರಿನಲ್ಲಿ ಇಂಥ ಕೆಲಸವನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ಯುವಕ ಲಿನಕ್ಸ್ ಅನ್ನು ಹೊರತಂದರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗೂ ಇರುವುದು ಅದೇ ಲಿನಕ್ಸಿನ ತಿರುಳು.

ಈ ಲಿನಕ್ಸನ್ನು ಜನಸಾಮಾನ್ಯರು ಬಳಸುವಂತೆ ಜೋಡಿಸಿ ಕೊಡುವ ಯೋಜನೆಗಳು ಹಲವಾರಿವೆ. ಅವುಗಳಲ್ಲಿ ಒಂದು ಫೆಡೋರಾ. 2003ರಲ್ಲಿ ಆರಂಭವಾಯಿತು. ಅಮೆರಿಕದ ರೆಡ್ ಹ್ಯಾಟ್ ಕಂಪೆನಿಯ ಬೆಂಬಲ ಇದಕ್ಕಿದೆ. ಸಂಬಳ ಪಡೆಯುವ ಕೆಲವರು ಮತ್ತು ಸಂಬಳವಿಲ್ಲದ ಅನೇಕ ಸ್ವಯಂಸೇವಕರು ಸೇರಿ ಇದನ್ನು ನಡೆಸುತ್ತಾರೆ. ವರ್ಷಕ್ಕೆ ಸುಮಾರು ಎರಡು ಸಲ ಹೊಸ ಆವೃತ್ತಿ ಬರುತ್ತದೆ. ನಮ್ಮ ಭಾಷೆಗೂ ಇದಕ್ಕೂ ಸಂಬಂಧವಿದೆ. ಭಾರತೀಯ ಭಾಷೆಗಳಿಗಾಗಿ ರೆಡ್ ಹ್ಯಾಟ್ ಮುಕ್ತವಾಗಿ ನೀಡಿದ ಲೋಹಿತ್ ಅಕ್ಷರಗಳಲ್ಲಿ ಕನ್ನಡವೂ ಇದೆ. ಅದು ಫೆಡೋರಾದ ಮೂಲಕ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಕನ್ನಡವನ್ನು ತೋರಿಸಿದೆ.

ಅಡುಗೆ ಮಾಡುವವರ ಹೆಸರನ್ನು ನೆಂಟರು ಹೊಗಳುತ್ತಾರೆ. ಆದರೆ ಟ್ಯಾಂಕಿಗೆ ನೀರು ತುಂಬಿಸಿದವರು, ಗ್ಯಾಸ್ ಮುಗಿಯುವ ಮೊದಲೇ ಬುಕ್ ಮಾಡಿದವರು, ರಾತ್ರಿ ಹಿಂಬಾಗಿಲ ಚಿಲಕ ಹಾಕಿದವರು ಯಾರ ಕಣ್ಣಿಗೂ ಬೀಳುವುದಿಲ್ಲ. ತಂತ್ರಾಂಶದ ಲೋಕದಲ್ಲಿ ಈ ಎರಡನೆಯ ಕೆಲಸ ಮಾಡುವವರಿಗೆ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎನ್ನುತ್ತಾರೆ. ತಂತ್ರಾಂಶವನ್ನು ಇಟ್ಟಿರುವ, ಜೋಡಿಸುವ, ಜಗತ್ತಿಗೆಲ್ಲ ಹಂಚುವ ದೊಡ್ಡ ಕಂಪ್ಯೂಟರ್‌ಗಳನ್ನು ಸರ್ವರ್ ಎಂದು ಕರೆಯುತ್ತಾರೆ. ಅವು ಹಗಲು ರಾತ್ರಿ ನಡೆಯುತ್ತಿರಬೇಕು. ತುಂಬಿದ್ದನ್ನು ಖಾಲಿ ಮಾಡಬೇಕು, ಕೆಟ್ಟದ್ದನ್ನು ಬದಲಿಸಬೇಕು, ಕಳ್ಳರು ನುಗ್ಗದಂತೆ ಕಾಯಬೇಕು. ಫೆಡೋರಾದಲ್ಲಿ ಈ ಕೆಲಸವನ್ನು ಒಂದು ತಂಡ ನೋಡಿಕೊಳ್ಳುತ್ತದೆ. ಅದರಲ್ಲಿಯೂ ಸ್ವಯಂಸೇವಕರಿಗೆ ಜಾಗವಿದೆ.

ಎರಡು ಭಯಗಳ ನಡುವೆ

ಈಗ ಆ ತಂಡದ ಹಿರಿಯರ ಜಾಗದಲ್ಲಿ ನಿಂತು ಯೋಚಿಸಿ ನೋಡಿ. ಎಲ್ಲೋ ಸಾವಿರಾರು ಮೈಲಿ ದೂರದಿಂದ ಒಂದು ಪತ್ರ ಬರುತ್ತದೆ. "ನಾನು ನಿಮಗೆ ಸಹಾಯ ಮಾಡಬೇಕೆಂದಿದ್ದೇನೆ." ಬರೆದವರು ಯಾರೋ ಗೊತ್ತಿಲ್ಲ. ಸಂದರ್ಶನವಿಲ್ಲ, ನೇಮಕ ಪತ್ರವಿಲ್ಲ, ಸಂಬಳವಿಲ್ಲ. ತಪ್ಪು ಮಾಡಿದರೆ ಹಿಡಿದು ಕೇಳಲು ವಿಳಾಸವೂ ಇಲ್ಲ. ಸರ್ವರಿನ ಪೂರ್ಣ ಅಧಿಕಾರ ಸಿಕ್ಕವರು ಒಂದು ಕ್ಷಣದಲ್ಲಿ ವರ್ಷಗಳ ಕೆಲಸವನ್ನು ಅಳಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಯಾರಿಗೂ ತಿಳಿಯದಂತೆ ತಂತ್ರಾಂಶದೊಳಗೆ ವಿಷ ಬೆರೆಸಬಹುದು. ಆ ವಿಷ ಅದನ್ನು ಬಳಸುವ ಎಲ್ಲ ಮನೆ, ಕಚೇರಿಗಳಿಗೂ ಹರಿಯುತ್ತದೆ.

ಹಾಗೆಂದು ಬಾಗಿಲು ಮುಚ್ಚಿಕೊಂಡು ಕುಳಿತರೆ? ಇರುವ ನಾಲ್ಕಾರು ಜನ ದಣಿಯುತ್ತಾರೆ. ಒಬ್ಬರಿಗೆ ಕಾಯಿಲೆ ಬಂದರೆ, ಒಬ್ಬರಿಗೆ ಬೇರೆ ಕೆಲಸ ಸಿಕ್ಕಿದರೆ ಎಲ್ಲವೂ ನಿಲ್ಲುತ್ತದೆ. ಕೊಟ್ಟರೂ ಭಯ, ಕೊಡದಿದ್ದರೂ ಭಯ. ಮನೆಗೆ ಹೊಸ ಸೊಸೆ ಬಂದಾಗ ಅತ್ತೆಯ ಮನಸ್ಸಿನಲ್ಲಿ ನಡೆಯುವುದೂ ಇದೇ ಅಲ್ಲವೇ? ಮೊದಲ ದಿನವೇ ಕಪಾಟಿನ ಬೀಗದ ಕೈ ಕೊಡುವವರು ಕಡಿಮೆ. ಹತ್ತು ವರ್ಷವಾದರೂ ಉಪ್ಪಿನ ಡಬ್ಬಿಯನ್ನೂ ತಾನೇ ತೆಗೆದುಕೊಡುವ ಅತ್ತೆಯರೂ ಇದ್ದಾರೆ. ಜಾಣೆಯಾದ ಅತ್ತೆ ಏನು ಮಾಡುತ್ತಾಳೆ? ಮೊದಲು ಸೊಸೆಯನ್ನು ಅಡುಗೆಮನೆಯಲ್ಲಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಯಾವುದು ಎಲ್ಲಿದೆ, ಯಾರಿಗೆ ಏನು ಆಗುವುದಿಲ್ಲ ಎಂಬುದನ್ನು ತೋರಿಸುತ್ತಾಳೆ. ಆಮೇಲೆ ಒಂದು ಸಾರು, ಆಮೇಲೆ ಒಂದು ಹೊತ್ತಿನ ಊಟ. ಕೊನೆಗೆ ಗೊಂಚಲೇ ಕೈಗೆ ಬರುತ್ತದೆ.

ನೋಡಬಹುದು, ಮುಟ್ಟಬಾರದು

ಫೆಡೋರಾದವರು ರೂಢಿಸಿಕೊಂಡು ಬಂದ ದಾರಿಯೂ ಹೀಗೆಯೇ ಇದೆ. ಹೊಸಬರು ಮೊದಲು ತಮ್ಮ ಪರಿಚಯವನ್ನು ಬರೆದು ತಿಳಿಸಬೇಕು. ಏನು ಗೊತ್ತಿದೆ, ಏನು ಕಲಿಯಬೇಕೆಂದಿದೆ, ವಾರದಲ್ಲಿ ಎಷ್ಟು ಸಮಯ ಸಿಗುತ್ತದೆ ಎಂದು ಸರಳವಾಗಿ ಹೇಳಿದರೆ ಸಾಕು. ತಂಡದ ವಾರದ ಸಭೆ ಕಂಪ್ಯೂಟರಿನಲ್ಲಿ ಅಕ್ಷರದ ಮಾತುಗಳಲ್ಲೇ ನಡೆಯುತ್ತದೆ. ಭಾರತದ ಗಡಿಯಾರದಲ್ಲಿ ಅದು ರಾತ್ರಿಯ ಹೊತ್ತು. ಅಲ್ಲಿಗೆ ಬಂದು ಹೊಸಬರು ಒಂದು ಮಾತು ಆಡಬಹುದು. ಮುಖ ತೋರಿಸಬೇಕಾಗಿಲ್ಲ, ಧ್ವನಿ ಕೇಳಿಸಬೇಕಾಗಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದು ಎಷ್ಟು ಅನುಕೂಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಅನಂತರ ಅವರನ್ನು ಅಪ್ರೆಂಟಿಸ್ ಎಂಬ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಬಸ್ಸಿನ ಗ್ಯಾರೇಜಿನಲ್ಲೂ ಐ.ಟಿ.ಐ. ಮುಗಿಸಿದ ಹುಡುಗರನ್ನು ಇದೇ ಹೆಸರಿನಿಂದ ಕರೆಯುತ್ತಾರೆ. ಈ ಗುಂಪಿನ ವಿಶೇಷವೆಂದರೆ, ಇವರಿಗೆ ನಿಜವಾದ ಸರ್ವರುಗಳ ಒಳಗೆ ಹೋಗಲು ಅನುಮತಿ ಸಿಗುತ್ತದೆ. ಆದರೆ ನೋಡಬಹುದು, ಓದಬಹುದು, ಏನನ್ನೂ ಬದಲಿಸಲಾಗದು. ಮೊದಲು ಬ್ಯಾಸ್ಟಿಯನ್ ಎಂಬ ಒಂದು ಯಂತ್ರದ ಮೂಲಕವೇ ಹಾದುಹೋಗಬೇಕು. ಬ್ಯಾಸ್ಟಿಯನ್ ಎಂದರೆ ಕೋಟೆಯ ಬುರುಜು. ಬುರುಜಿನ ಕಾವಲು ದಾಟಿದವರು ಮಾತ್ರ ಒಳಗಿನ ಬೀದಿಗಳಿಗೆ ಹೋಗಬಹುದು.

ಈ ಯಂತ್ರಗಳನ್ನು ಯಾವ ಯಾವ ರೀತಿ ಜೋಡಿಸಲಾಗಿದೆ ಎಂಬುದನ್ನು ಆನ್ಸಿಬಲ್ ಎಂಬ ತಂತ್ರಾಂಶದ ಕಡತಗಳಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಯಾರು ಬೇಕಾದರೂ ಓದಬಹುದು. ಗುಪ್ತ ಪದಗಳನ್ನು ಮಾತ್ರ ಬೇರೆ ಕಡೆ ಭದ್ರವಾಗಿ ಇಟ್ಟಿರುತ್ತಾರೆ. ಯಾವ ತೊಂದರೆ ಬಂದರೆ ಏನು ಮಾಡಬೇಕು ಎಂಬುದಕ್ಕೂ ಒಂದೊಂದು ಬರಹವಿದೆ. ಇದಕ್ಕೆ ಎಸ್.ಓ.ಪಿ. ಎನ್ನುತ್ತಾರೆ. ಹಿರಿಯರ ತಲೆಯಲ್ಲಿ ಇದ್ದದ್ದನ್ನೆಲ್ಲ ಹಾಳೆಗೆ ಇಳಿಸುವ ಕೆಲಸ ಇದು. ಹೊಸಬರು ಇದನ್ನು ಓದುತ್ತಾ ಹೋದಂತೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಸಲ ಬರಹವೇ ಹಳೆಯದಾಗಿರುತ್ತದೆ. ಆಗ ಅದನ್ನು ತಿದ್ದುವುದೇ ಹೊಸಬರ ಮೊದಲ ಕೊಡುಗೆಯಾಗುತ್ತದೆ. ನಾವು ಶಿಕ್ಷಕರು ಇದನ್ನು ಚೆನ್ನಾಗಿ ಬಲ್ಲೆವು. ಪಾಠದಲ್ಲಿ ತೊಡಕು ಎಲ್ಲಿದೆ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದವರಿಗಿಂತ ಇಂದು ಬಂದು ಕುಳಿತ ಮಗುವಿಗೆ ಬೇಗ ಗೊತ್ತಾಗುತ್ತದೆ.

ಹೊಸಬರಿಗೆಂದೇ ಆರಿಸಿಟ್ಟ ಸಣ್ಣ ಕೆಲಸಗಳೂ ಇವೆ. ಅವಕ್ಕೆ ಈಸಿಫಿಕ್ಸ್ ಎಂಬ ಗುರುತು ಹಾಕಿರುತ್ತಾರೆ. ಸುಲಭವಾಗಿ ಸರಿಪಡಿಸಬಹುದಾದದ್ದು ಎಂದು ಅರ್ಥ. ಅಪ್ರೆಂಟಿಸ್ ಆದವರು ತಾವೇ ಯಂತ್ರವನ್ನು ಬದಲಿಸುವಂತಿಲ್ಲವಲ್ಲ, ಆದ್ದರಿಂದ ಏನು ಬದಲಾಗಬೇಕು ಎಂಬುದನ್ನು ಬರೆದು ಒಪ್ಪಿಸುತ್ತಾರೆ. ಅಧಿಕಾರವಿರುವ ಹಿರಿಯರು ಅದನ್ನು ಪರಿಶೀಲಿಸಿ, ಸರಿಯಿದ್ದರೆ ಜಾರಿಗೆ ತರುತ್ತಾರೆ. ಸರಿಯಿಲ್ಲದಿದ್ದರೆ ಎಲ್ಲಿ ತಪ್ಪಿದೆ ಎಂದು ಹೇಳುತ್ತಾರೆ.

ಹೀಗೆ ಕೆಲಸ ಮಾಡುತ್ತಾ ಹೋದವರನ್ನು ಒಂದೊಂದೇ ಗುಂಪಿಗೆ ಸೇರಿಸುತ್ತಾರೆ. ಎಚ್ಚರಿಕೆ ಗಂಟೆಗಳನ್ನು ಗಮನಿಸುವವರದು ಒಂದು ಗುಂಪು, ಜಾಲತಾಣಗಳನ್ನು ನೋಡುವವರದು ಇನ್ನೊಂದು. ಸೇರಬೇಕಾದರೆ ಆ ಗುಂಪಿನ ಒಬ್ಬರು ಹೊಣೆ ಹೊತ್ತು ಸೇರಿಸಿಕೊಳ್ಳಬೇಕು. ಅವರಿಗೆ ಸ್ಪಾನ್ಸರ್ ಎನ್ನುತ್ತಾರೆ. ಗಲ್ಫ್‌ಗೆ ಹೋದವರ ಮನೆಗಳಲ್ಲಿ ಈ ಶಬ್ದದ ಭಾರ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲ ಯಂತ್ರಗಳ ಪೂರ್ಣ ಅಧಿಕಾರ ಇರುವುದು ಕೆಲವೇ ಕೆಲವರ ಗುಂಪಿಗೆ. ಅವರು ಕೂಡ ಆ ಅಧಿಕಾರವನ್ನು ಬಳಸುವಾಗ ಪಾಸ್‌ವರ್ಡ್ ಜೊತೆಗೆ, ಆ ಹೊತ್ತಿಗೆ ಮಾತ್ರ ನಡೆಯುವ ಇನ್ನೊಂದು ಸಂಕೇತವನ್ನು ಕೊಡಬೇಕು. ಬ್ಯಾಂಕಿನವರು ನಮ್ಮ ಮೊಬೈಲಿಗೆ ಕಳಿಸುವ ಒ.ಟಿ.ಪಿ.ಯ ಹಾಗೆ. ಹೊಸ ಆವೃತ್ತಿ ಹೊರಬರುವ ದಿನಗಳು ಹತ್ತಿರವಾದಾಗ ಹಿರಿಯರಿಗೂ ಕೈ ಕಟ್ಟು. ಆಗ ಮುಖ್ಯ ಯಂತ್ರಗಳಲ್ಲಿ ಏನಾದರೂ ಬದಲಿಸಲೇಬೇಕೆಂದರೆ ಅದನ್ನು ಎಲ್ಲರ ಮುಂದಿಟ್ಟು ಮುಖ್ಯ ಗುಂಪಿನ ಇಬ್ಬರ ಒಪ್ಪಿಗೆ ಪಡೆಯಬೇಕು. ಹಿರಿಯರನ್ನೂ ಕಟ್ಟಿಹಾಕುವ ನಿಯಮವಿದ್ದರೆ ಕಿರಿಯರಿಗೆ ನಿಯಮ ಭಾರವೆನಿಸುವುದಿಲ್ಲ.

ನನಗೆ ಬಹಳ ಹಿಡಿಸಿದ ಪದ್ಧತಿ ಇನ್ನೊಂದಿದೆ. ತಿಂಗಳಿಗೊಮ್ಮೆ ಅಪ್ರೆಂಟಿಸ್‌ಗಳಿಗೆಲ್ಲ ಒಂದು ಪತ್ರ ಹೋಗುತ್ತಿತ್ತು. ಈ ತಿಂಗಳು ಏನಾದರೂ ಮಾಡಲು ಸಾಧ್ಯವಾಯಿತೇ? ಎಲ್ಲಿಯಾದರೂ ಸಿಕ್ಕಿಹಾಕಿಕೊಂಡಿದ್ದೀರಾ? ಮುಂದುವರಿಯುವ ಮನಸ್ಸಿದೆಯೇ? ಉತ್ತರ ಬರೆಯದವರನ್ನು ಗುಂಪಿನಿಂದ ತೆಗೆಯುತ್ತಿದ್ದರು. ಅದು ಶಿಕ್ಷೆಯಲ್ಲ. ಸಮಯ ಸಿಕ್ಕಾಗ ಮತ್ತೆ ಬರಬಹುದು. ಆದರೆ ಬಳಸದವರ ಕೈಯಲ್ಲಿ ಬೀಗದ ಕೈ ಉಳಿಯಬಾರದು. ಎಲ್ಲೋ ಬಿದ್ದಿರುವ ಬೀಗದ ಕೈ ಯಾರ ಕೈಗೆ ಸಿಗುತ್ತದೆಂದು ಯಾರು ಬಲ್ಲರು?

ಇಷ್ಟೆಲ್ಲ ಏಕೆ ಬೇಕು?

ಇದು ಅತಿಯಾಯಿತು ಎಂದು ಕೆಲವರಿಗೆ ಅನಿಸಬಹುದು. ನಡೆದ ಮೂರು ಸಂಗತಿಗಳನ್ನು ಹೇಳುತ್ತೇನೆ.

2003ರ ನವೆಂಬರಿನಲ್ಲಿ ಡೆಬಿಯನ್ ಎಂಬ ಇನ್ನೊಂದು ಯೋಜನೆಯ ನಾಲ್ಕು ಸರ್ವರ್‌ಗಳಿಗೆ ಕಳ್ಳರು ನುಗ್ಗಿದರು. ಹೇಗೆ? ಒಬ್ಬ ಸ್ವಯಂಸೇವಕರ ಪಾಸ್‌ವರ್ಡನ್ನು ಕದ್ದು, ಅವರ ಹೆಸರಿನಲ್ಲೇ ಒಳಗೆ ಬಂದರು. ಒಳಗೆ ಬಂದ ಮೇಲೆ ಲಿನಕ್ಸಿನ ತಿರುಳಿನಲ್ಲಿದ್ದ ಒಂದು ದೋಷವನ್ನು ಹಿಡಿದು ಪೂರ್ಣ ಅಧಿಕಾರವನ್ನೇ ಪಡೆದರು.

2008ರ ಆಗಸ್ಟಿನಲ್ಲಿ ಫೆಡೋರಾದ ಸರದಿ ಬಂತು. ಇಲ್ಲಿ ಒಳಗೆ ಹೋಗಲು ಪಾಸ್‌ವರ್ಡಿಗಿಂತ ಭದ್ರವಾದ ಒಂದು ವಿದ್ಯುನ್ಮಾನ ಬೀಗದ ಕೈ ಇರುತ್ತದೆ. ಅದು ಆಯಾ ವ್ಯಕ್ತಿಯ ಕಂಪ್ಯೂಟರಿನಲ್ಲಿ ಒಂದು ಕಡತದ ರೂಪದಲ್ಲಿರುತ್ತದೆ. ಆ ಕಡತಕ್ಕೂ ಒಂದು ರಹಸ್ಯ ವಾಕ್ಯದ ಬೀಗ ಹಾಕಿಡಬೇಕು. ಒಬ್ಬ ಅಡ್ಮಿನಿಸ್ಟ್ರೇಟರ್ ಹಾಗೆ ಹಾಕಿರಲಿಲ್ಲ. ಕಳ್ಳರ ಕೈಗೆ ಅದರ ನಕಲು ಸಿಕ್ಕಿತು. 2009ರ ಮಾರ್ಚಿನಲ್ಲಿ ಫೆಡೋರಾದವರು ಇದನ್ನು ಮುಚ್ಚಿಡದೆ ವರದಿಯಲ್ಲಿ ಬರೆದರು. ಆ ಘಟನೆಯ ನಂತರ ತಂತ್ರಾಂಶಗಳಿಗೆ ಹಾಕುವ ಮುದ್ರೆಯ ಕೀಲಿಗಳನ್ನೇ ಬದಲಿಸಬೇಕಾಯಿತು. ಒಬ್ಬರ ಒಂದು ಚಿಕ್ಕ ಉದಾಸೀನಕ್ಕೆ ಎಲ್ಲರೂ ಬೆಲೆ ತೆತ್ತರು. ಗಮನಿಸಿ, ತಪ್ಪಿದ್ದು ಹೊಸಬರಲ್ಲ. ಪೂರ್ಣ ನಂಬಿಕೆ ಗಳಿಸಿದವರೇ.

ಮೂರನೆಯದು 2024ರ ಸಂಗತಿ. ಇದು ಮನಸ್ಸನ್ನು ಹೆಚ್ಚು ಕಲಕುತ್ತದೆ. ಎಕ್ಸ್‌ಜಡ್ ಎಂಬ ಒಂದು ಸಣ್ಣ ತಂತ್ರಾಂಶ. ದೊಡ್ಡ ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಲಿನಕ್ಸ್ ಇರುವ ಕಡೆಯೆಲ್ಲ ಅದಿದೆ. ಅದನ್ನು ಫಿನ್ಲೆಂಡಿನ ಲಾಸೆ ಕೊಲಿನ್ ಎಂಬವರು ವರ್ಷಾನುಗಟ್ಟಲೆ ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಎಂದು ಅವರೇ ಹೇಳಿಕೊಂಡಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ಸ್ವಯಂಸೇವಕ ಬಂದ. ಸಣ್ಣ ಸಣ್ಣ ಒಳ್ಳೆಯ ಕೆಲಸಗಳನ್ನು ಮಾಡಿಕೊಟ್ಟ. ಅದೇ ಹೊತ್ತಿಗೆ ಬೇರೆ ಕೆಲವು ಹೆಸರುಗಳಿಂದ ಪತ್ರಗಳು ಬರತೊಡಗಿದವು. ಕೆಲಸ ನಿಧಾನವಾಯಿತು, ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡಿ ಎಂಬ ಒತ್ತಡ. ದಣಿದ ಮನುಷ್ಯ ಕೊನೆಗೆ ಬೀಗದ ಕೈ ಕೊಟ್ಟರು. 2024ರ ಆರಂಭದಲ್ಲಿ ಆ ತಂತ್ರಾಂಶದೊಳಗೆ ಒಂದು ಕಳ್ಳ ಬಾಗಿಲು ಸೇರಿಕೊಂಡಿತು. ಫೆಡೋರಾದ ಪರೀಕ್ಷಾರ್ಥ ಆವೃತ್ತಿಯವರೆಗೂ ಅದು ತಲುಪಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ ತಮ್ಮ ಕಂಪ್ಯೂಟರಿನಲ್ಲಿ ಒಳಗೆ ಹೋಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎನಿಸಿತು. ಆ ಅರ್ಧ ಸೆಕೆಂಡಿನ ಬೆನ್ನು ಹಿಡಿದು ಹೋಗಿ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಜಗತ್ತು ದೊಡ್ಡ ಅಪಾಯದಿಂದ ಪಾರಾಯಿತು.

ಇದರಿಂದ ಹೊಸಬರನ್ನು ನಂಬಲೇಬಾರದು ಎಂಬ ಪಾಠ ಕಲಿಯೋಣವೇ? ನನಗೆ ಹಾಗೆನಿಸುವುದಿಲ್ಲ. ಕೊಲಿನ್ ಒಬ್ಬರೇ ಇದ್ದರು. ಪಕ್ಕದಲ್ಲಿ ನಿಂತು "ಇದು ಸರಿಯೇ ನೋಡಿ" ಎನ್ನಲು ಇನ್ನೊಬ್ಬರಿರಲಿಲ್ಲ. ಒಂಟಿಯಾಗಿ ದಣಿದವರು ಸುಲಭವಾಗಿ ಮೋಸ ಹೋಗುತ್ತಾರೆ. ನಾಲ್ಕು ಜನ ಇದ್ದು, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವ ಪದ್ಧತಿ ಇದ್ದಲ್ಲಿ ಮೋಸಗಾರನಿಗೆ ದಾರಿ ಕಷ್ಟ.

ತಲೆಯಲ್ಲಿದ್ದದ್ದು ತಲೆಯಲ್ಲೇ ಉಳಿದರೆ

ಮೋಸದ ಮಾತು ಬಿಡಿ. ಒಳ್ಳೆಯವರೂ ನಮ್ಮನ್ನು ಬಿಟ್ಟು ಹೋಗುತ್ತಾರೆ. ಸೇತ್ ವಿಡಾಲ್ ಎಂಬವರು ಫೆಡೋರಾದ ಸರ್ವರ್ ತಂಡದ ಕಂಬದಂತಿದ್ದವರು. ಲಿನಕ್ಸಿನಲ್ಲಿ ತಂತ್ರಾಂಶ ಅಳವಡಿಸುವ ಯಮ್ ಎಂಬ ಸಾಧನ ಅವರ ಕೊಡುಗೆ. ಆಗ ಹೊಸದಾಗಿದ್ದ ಆನ್ಸಿಬಲ್ ಅನ್ನು ಫೆಡೋರಾಕ್ಕೆ ತರುವುದರಲ್ಲಿಯೂ ಅವರು ಮುಂದಿದ್ದರು. 2013ರ ಜುಲೈ 8ರ ರಾತ್ರಿ ಅಮೆರಿಕದ ಡರ್ಹಮ್ ನಗರದಲ್ಲಿ ಸೈಕಲಿನಲ್ಲಿ ಹೋಗುತ್ತಿದ್ದಾಗ ಕಾರೊಂದು ಹಿಂದಿನಿಂದ ಗುದ್ದಿ ತೀರಿಕೊಂಡರು. ವಯಸ್ಸು ಮೂವತ್ತಾರು. ಗೆಳೆಯರ ದುಃಖಕ್ಕೆ ಯಾವ ಬರಹವೂ ಮದ್ದಾಗಲಿಲ್ಲ. ಆದರೆ ಅವರು ಮಾಡಿದ ಕೆಲಸ ಎಲ್ಲರೂ ಓದಬಹುದಾದ ಕಡತಗಳಲ್ಲಿತ್ತು. ಜೊತೆಯವರು ಅದನ್ನು ಎತ್ತಿಕೊಂಡು ಮುಂದೆ ನಡೆದರು.

ಇದನ್ನು ಓದಿದಾಗ ನನಗೆ ನಮ್ಮದೇ ಒಂದು ಕಥೆ ನೆನಪಾಯಿತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ ಕಂಪ್ಯೂಟರಿನ ಎಲ್ಲ ಕೆಲಸವನ್ನೂ ಒಬ್ಬ ಹುಡುಗ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ. ಮಕ್ಕಳ ದಾಖಲಾತಿ, ಫೀಸಿನ ಲೆಕ್ಕ, ದಾನಿಗಳ ಹೆಸರು ಎಲ್ಲವೂ ಅದರಲ್ಲಿ. ಬಹಳ ಒಳ್ಳೆಯ ಹುಡುಗ. ಒಂದು ದಿನ ಅವನ ವೀಸಾ ಬಂತು. ಮೂರೇ ದಿನದಲ್ಲಿ ಹೊರಟ. ನಾವು ಖರ್ಜೂರ ಕೊಟ್ಟು, ದುಆ ಮಾಡಿ ಕಳಿಸಿದೆವು. ಮರುವಾರ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಯಾರಿಗೂ ಗೊತ್ತಿಲ್ಲ. ಅವನಿಗೆ ಅಲ್ಲಿ ಫೋನ್ ಸಿಕ್ಕಿ, ಅವನು ನೆನಪು ಮಾಡಿಕೊಂಡು ಹೇಳಿದ್ದೂ ಸರಿಯಾಗಲಿಲ್ಲ. ಕೊನೆಗೆ ಅಂಗಡಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿಕೊಟ್ಟ. ನಾವು ನಾಲ್ವರು ಶಿಕ್ಷಕಿಯರು ಹಳೆಯ ರಸೀದಿ ಪುಸ್ತಕಗಳನ್ನು ಹರಡಿಕೊಂಡು ಎರಡು ವರ್ಷದ ಲೆಕ್ಕವನ್ನು ಮತ್ತೆ ಬರೆದೆವು. ಕೆಲವು ರಸೀದಿಗಳು ಸಿಗಲೇ ಇಲ್ಲ. ಅವನ ಮೇಲೆ ಯಾರೂ ಸಿಟ್ಟಾಗಬೇಡಿ. ತಪ್ಪು ನಮ್ಮದು. "ನಿನ್ನ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಕಲಿಸಪ್ಪಾ" ಎಂದು ನಾವು ಒಂದು ದಿನವೂ ಹೇಳಿರಲಿಲ್ಲ. ನನಗೂ ಕಲಿಯಬಹುದಿತ್ತು. ಕಲಿಯಲಿಲ್ಲ.

ನಿಮ್ಮ ಮನೆಯಲ್ಲಿ ಕಲಿತ ಮಗಳಿದ್ದರೆ

ಈಗ ನನ್ನ ವಿದ್ಯಾರ್ಥಿನಿಯಂಥವರಿಗೆ ನಾಲ್ಕು ಮಾತು.

ಮೊದಲನೆಯದಾಗಿ, ಇದರಲ್ಲಿ ಸಂಬಳವಿಲ್ಲ. ಮುಂದೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಆಣೆ ಮಾಡಲಾರೆ. ಆದರೆ ಅನುಭವ ಏನಿದೆ ಎಂದು ಕೇಳುವವರಿಗೆ ತೋರಿಸಲು ಏನಾದರೂ ಇರುತ್ತದೆ. ನೀವು ಮಾಡಿದ ತಿದ್ದುಪಡಿ, ಕೇಳಿದ ಪ್ರಶ್ನೆ, ಹಿರಿಯರು ಕೊಟ್ಟ ಉತ್ತರ ಎಲ್ಲವೂ ನಿಮ್ಮ ಹೆಸರಿನೊಡನೆ ಎಲ್ಲರಿಗೂ ಕಾಣುವಂತೆ ದಾಖಲಾಗಿರುತ್ತದೆ. ಸಂಬಳ ಸಹಿತ ಕಲಿಯಬೇಕೆನ್ನುವವರಿಗೆ ಔಟ್ರೀಚಿ ಎಂಬ ಯೋಜನೆಯಿದೆ. ಮುಕ್ತ ತಂತ್ರಾಂಶದಲ್ಲಿ ಹೆಂಗಸರು ತೀರಾ ಕಡಿಮೆ ಇದ್ದಾರೆಂದು ಗ್ನೋಮ್ ಎಂಬ ಯೋಜನೆಯವರು 2006ರಲ್ಲಿ ಆರಂಭಿಸಿದ ಪ್ರಯತ್ನವೇ ಬೆಳೆದು 2015ರಲ್ಲಿ ಈ ಹೆಸರು ಪಡೆಯಿತು. ಮನೆಯಲ್ಲಿ ಕುಳಿತೇ ಕೆಲವು ತಿಂಗಳು ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಅವಕಾಶ ಇದರಲ್ಲಿದೆ. ಭಾರತದ ಅನೇಕ ಹೆಣ್ಣುಮಕ್ಕಳು ಇದರ ಮೂಲಕ ಮುಂದೆ ಬಂದಿದ್ದಾರೆ.

ಎರಡನೆಯದಾಗಿ, ಬರಿಗೈಯಲ್ಲಿ ಹೋಗಬೇಡಿ. ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಲಿನಕ್ಸ್ ಹಾಕಿ. ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ತೆರೆಯುವ ಎಸ್.ಎಸ್.ಎಚ್., ತಿದ್ದುಪಡಿಗಳ ಲೆಕ್ಕವಿಡುವ ಗಿಟ್ ಇವೆರಡನ್ನು ಕಲಿಯಿರಿ. ಇಂಗ್ಲಿಷ್ ಅಲಂಕಾರದ್ದಾಗಿರಬೇಕಿಲ್ಲ. ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು ಎಂದು ಮೂರು ಸಾಲಿನಲ್ಲಿ ಹೇಳಲು ಬಂದರೆ ಸಾಕು.

ಮೂರನೆಯದಾಗಿ, ಬೀಗದ ಕೈಗೆ ಅವಸರ ಮಾಡಬೇಡಿ. "ನನಗೆ ಅಧಿಕಾರ ಕೊಡಿ" ಎನ್ನುವವರ ಮೇಲೆ ಎಲ್ಲರಿಗೂ ಅನುಮಾನ. "ಈ ಸಣ್ಣ ಕೆಲಸ ನಾನು ಮಾಡಲೇ?" ಎನ್ನುವವರ ಮೇಲೆ ಎಲ್ಲರಿಗೂ ಪ್ರೀತಿ. ಹಿಡಿದದ್ದನ್ನು ಮುಗಿಸಿ. ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿ. ಮಗುವಿಗೆ ಜ್ವರ, ಈ ವಾರ ಬರಲಾರೆ ಎಂದು ಒಂದು ಸಾಲು ಬರೆದರೆ ಯಾರೂ ಕೆಟ್ಟದಾಗಿ ಎಣಿಸುವುದಿಲ್ಲ. ಹೇಳದೆ ಮಾಯವಾಗುವುದು ಮಾತ್ರ ಕೆಟ್ಟದ್ದು.

ನಾಲ್ಕನೆಯದಾಗಿ, ಕೈಗೆ ಬಂದ ಬೀಗದ ಕೈ ಅಮಾನತ್ತು. ನಿಮ್ಮ ಪಾಸ್‌ವರ್ಡನ್ನು ಗಂಡನಿಗಾಗಲಿ, ತಮ್ಮನಿಗಾಗಲಿ ಕೊಡಬೇಡಿ. ಗೇಮ್ ಆಡಲು ಬರುವ ಮಕ್ಕಳ ಕೈಗೆ ಆ ಲ್ಯಾಪ್‌ಟಾಪ್ ಸಿಗದಿರಲಿ. ರಹಸ್ಯ ವಾಕ್ಯ ಹಾಕದ ಒಂದು ಕಡತ ಏನು ಮಾಡಿತೆಂಬುದನ್ನು ಮೇಲೆ ಓದಿದಿರಿ.

ಅತ್ತೆಯಂದಿರಿಗೂ ಒಂದು ಮಾತಿದೆ. ನಿಮ್ಮ ಸೊಸೆ ಕಂಪ್ಯೂಟರಿನ ಮುಂದೆ ಕುಳಿತರೆ ಅದು ಬರೀ ಕಾಲಹರಣ ಎಂದು ಭಾವಿಸಬೇಡಿ. ದಿನಕ್ಕೆ ಒಂದು ಗಂಟೆ ಮಗುವನ್ನು ಎತ್ತಿಕೊಂಡರೆ ನೀವು ಅವಳಿಗೆ ಕೊಡುವ ದೊಡ್ಡ ಉಡುಗೊರೆ ಅದೇ. ನಾಲ್ಕು ವರ್ಷ ಕಷ್ಟಪಟ್ಟು ಕಲಿತದ್ದು ತುಕ್ಕು ಹಿಡಿಯದಿರಲಿ.

ನನ್ನ ವಿದ್ಯಾರ್ಥಿನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಒಂದು ಯೋಜನೆಗೆ ಪರಿಚಯದ ಪತ್ರ ಬರೆಯಲು ಅವಳಿಗೆ ನಾಲ್ಕು ದಿನ ಹಿಡಿಯಿತಂತೆ. ಬರೆದು, ಅಳಿಸಿ, ಮತ್ತೆ ಬರೆದು. ಮೊನ್ನೆ ಫೋನ್ ಮಾಡಿದ್ದಳು. ಒಂದು ಎಸ್.ಓ.ಪಿ. ಓದುತ್ತಿದ್ದಾಗ ಅದರಲ್ಲಿ ಹೇಳಿದ ಯಂತ್ರವೇ ಈಗ ಇಲ್ಲ ಎಂಬುದು ಅವಳಿಗೆ ಕಂಡಿತು. ಕೇಳಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದಳು. ಆಮೇಲೆ ಧೈರ್ಯ ಮಾಡಿ ತಿದ್ದಿ ಕಳಿಸಿದಳು. ಯಾವುದೋ ದೇಶದ ಹಿರಿಯರೊಬ್ಬರು ಅದನ್ನು ಒಪ್ಪಿಕೊಂಡು, ಚೆನ್ನಾಗಿ ಕಂಡುಹಿಡಿದಿರಿ ಎಂದು ಒಂದು ಸಾಲು ಬರೆದರು.

"ಅಷ್ಟೇ ಟೀಚರ್, ಎರಡು ಸಾಲಿನ ತಿದ್ದುಪಡಿ" ಎಂದಳು. ಆದರೆ ಆ ಧ್ವನಿಯನ್ನು ನಾನು ಬಲ್ಲೆ. ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲಿನ ನನ್ನ ತಪ್ಪನ್ನು ಎತ್ತಿ ಹೇಳುವಾಗ ಇದ್ದ ಅದೇ ಧ್ವನಿ.

ಕೆಲಸ ಇನ್ನೂ ಸಿಕ್ಕಿಲ್ಲ. ಮಗು ಈಗ ಮಧ್ಯಾಹ್ನ ಅಜ್ಜಿಯ ಜೊತೆ ಮಲಗುತ್ತದಂತೆ.

ನೀವು ನಡೆಸುವ ಮಹಿಳಾ ಸಂಘದಲ್ಲಿ, ಮಕ್ಕಳ ಮದ್ರಸದಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಎಲ್ಲ ಬೀಗದ ಕೈಗಳೂ ಒಬ್ಬರ ಸೊಂಟದಲ್ಲೇ ಇವೆಯೇ? ಒಮ್ಮೆ ಯೋಚಿಸಿ ನೋಡಿ. ಈ ತಿಂಗಳು ಒಬ್ಬ ಕಿರಿಯಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ನೋಡಲಿ. ಆಮೇಲೆ ಒಂದು ಸಣ್ಣ ಕೆಲಸ ಕೊಡಿ. ತಪ್ಪಿದರೆ ತಿದ್ದಿ. ಒಂದು ದಿನ ನೀವು ಇಲ್ಲದಿರುವಾಗಲೂ ಬಾಗಿಲು ತೆರೆಯುವವರು ಒಬ್ಬರಿರಬೇಕು.